ದೇಹಕ್ಕೆ ತಾನಾಗಿಯೇ ಬೆಂಕಿ ಹೊತ್ತಿಕೊಳ್ಳುತ್ತದೆಯೇ?
(ಮಹಿಳಾ ವಿಭಾಗದ ಮಾಸಿಕ ಸಭೆಯಲ್ಲಿ ಮಾಡಿದ ಭಾಷಣ)



ಹೊರಗಿನ ಕಿಡಿಯೇ ಇಲ್ಲದೆ ಮನುಷ್ಯನ ದೇಹ ಒಳಗಿನಿಂದಲೇ ಹೊತ್ತಿ ಉರಿದು ಬೂದಿಯಾಗುತ್ತದೆ ಎಂಬ ಮಾತನ್ನು ನೀವೂ ಕೇಳಿರಬಹುದು. ನಾನು ರಸಾಯನಶಾಸ್ತ್ರ ಕಲಿಸುತ್ತಿದ್ದಾಗ ಮಕ್ಕಳು ಮತ್ತೆ ಮತ್ತೆ ಕೇಳುತ್ತಿದ್ದ ಪ್ರಶ್ನೆ ಇದು. ಇಂದು ಅದನ್ನೇ ಎತ್ತಿಕೊಂಡಿದ್ದೇನೆ.

ಇದರಲ್ಲಿ ಬಹಳ ಪ್ರಸಿದ್ಧವಾದದ್ದು ಮೇರಿ ರೀಸರ್ ಪ್ರಕರಣ. ಅಮೆರಿಕದ ಫ್ಲಾರಿಡಾದಲ್ಲಿ, ಸೇಂಟ್ ಪೀಟರ್ಸ್‌ಬರ್ಗ್ ಎಂಬ ಊರಿನಲ್ಲಿ 1951ರ ಜುಲೈ 2ರ ಬೆಳಿಗ್ಗೆ ಮನೆಯ ಒಡತಿ ಬಂದು ನೋಡಿದಾಗ ಬಾಗಿಲ ಹಿಡಿ ಬಿಸಿಯಾಗಿತ್ತು. ಒಳಗೆ 67 ವರ್ಷದ ಆ ಮಹಿಳೆಯ ದೇಹ, ಕುರ್ಚಿಯ ಸಮೇತ, ಬಹುತೇಕ ಬೂದಿಯಾಗಿತ್ತು. ಚಪ್ಪಲಿ ತೊಟ್ಟ ಒಂದು ಪಾದ ಉಳಿದಿತ್ತು. ಕೋಣೆಯ ಉಳಿದ ಭಾಗಕ್ಕೆ ಹೆಚ್ಚು ಹಾನಿಯಾಗಿರಲಿಲ್ಲ. ಪವಾಡವೆನ್ನಲು ಇನ್ನೇನು ಬೇಕು?

ಆದರೆ ಹಿಂದಿನ ರಾತ್ರಿ ಕಂಡವರು ಹೇಳಿದ್ದನ್ನೂ ಕೇಳಿ. ಆಕೆ ನಿದ್ರೆ ಮಾತ್ರೆ ತೆಗೆದುಕೊಂಡಿದ್ದರು. ನೈಟಿ ತೊಟ್ಟು, ಮೆತ್ತನೆಯ ಕುರ್ಚಿಯಲ್ಲಿ ಕೂತು ಸಿಗರೇಟ್ ಸೇದುತ್ತಿದ್ದರು. ಕಿಡಿ ಹೊರಗೇ ಇತ್ತು!

ಮುಂದಿನದನ್ನು ನಮ್ಮ ದೇವರ ಮನೆಯ ದೀಪದಿಂದ ತಿಳಿಯಬಹುದು. ಬರೀ ಬತ್ತಿ ಹಚ್ಚಿದರೆ ಕ್ಷಣದಲ್ಲಿ ಉರಿದುಹೋಗುತ್ತದೆ. ತುಪ್ಪ ಹೀರಿದ ಬತ್ತಿ ಗಂಟೆಗಟ್ಟಲೆ ಉರಿಯುತ್ತದೆ. ಇಲ್ಲಿ ಬಟ್ಟೆಯೇ ಬತ್ತಿ, ಶಾಖಕ್ಕೆ ಕರಗಿದ ದೇಹದ ಕೊಬ್ಬೇ ತುಪ್ಪ. ಉರಿ ಸಣ್ಣದು, ಆದರೆ ದೀರ್ಘ. ಅದಕ್ಕೇ ಕೋಣೆಗೆ ಹರಡುವುದಿಲ್ಲ. ಪಾದದಲ್ಲಿ ಕೊಬ್ಬು ಕಡಿಮೆ, ಉರಿಯೂ ಮೇಲ್ಮುಖ, ಆದ್ದರಿಂದ ಅದು ಉಳಿಯುತ್ತದೆ. 1998ರಲ್ಲಿ ಬಿಬಿಸಿ ಕಾರ್ಯಕ್ರಮಕ್ಕಾಗಿ ಅಗ್ನಿತಜ್ಞ ಜಾನ್ ಡಿಹಾನ್ ಸತ್ತ ಹಂದಿಯನ್ನು ಕಂಬಳಿಯಲ್ಲಿ ಸುತ್ತಿ, ತುಸು ಪೆಟ್ರೋಲ್ ಹಾಕಿ ಹಚ್ಚಿ ತೋರಿಸಿದರು. ಗಂಟೆಗಟ್ಟಲೆ ಉರಿದು ಮೂಳೆಯೂ ಪುಡಿಯಾಯಿತು.

ಹಾಗಾದರೆ ಯಾವುದೂ ತಾನಾಗಿ ಹೊತ್ತಿಕೊಳ್ಳುವುದಿಲ್ಲವೇ? ಹೊತ್ತಿಕೊಳ್ಳುತ್ತದೆ. ಹಸಿ ಹುಲ್ಲು ಒಟ್ಟಿದ ಬಣವೆ ಒಳಗೇ ಕಾವೇರಿ ಉರಿಯಬಹುದು. ಅಗಸೆ ಎಣ್ಣೆ ಒರೆಸಿ ಮುದ್ದೆ ಮಾಡಿ ಎಸೆದ ಬಟ್ಟೆಯೂ ಹಾಗೆಯೇ. ಅಲ್ಲಿ ಹುಟ್ಟಿದ ಶಾಖ ಹೊರಹೋಗದೆ ಕೂಡಿಕೊಳ್ಳುತ್ತದೆ. ನಮ್ಮ ದೇಹದಲ್ಲಿ ಅರ್ಧಕ್ಕಿಂತ ಹೆಚ್ಚು ನೀರು, ಜೊತೆಗೆ ಬೆವರು ಮತ್ತು ರಕ್ತ ಶಾಖವನ್ನು ಸದಾ ಹೊರಹಾಕುತ್ತವೆ.

ಆದರೂ 2011ರಲ್ಲಿ ಐರ್ಲೆಂಡಿನ ಗಾಲ್ವೇಯಲ್ಲಿ ವೃದ್ಧರೊಬ್ಬರ ಸಾವಿಗೆ ವಿಚಾರಣಾಧಿಕಾರಿ ಇದೇ ಕಾರಣ ಬರೆದರು. ಬೇರೆ ಕಾರಣ ಸಿಗಲಿಲ್ಲ ಎಂಬುದೇ ಆಧಾರ. ಆ ಕೋಣೆಯಲ್ಲಿ ಅಗ್ಗಿಷ್ಟಿಕೆ ಉರಿಯುತ್ತಿತ್ತು. ಕಾರಣ ಸಿಗದಿರುವುದು ಬೇರೆ, ಕಾರಣವೇ ಇಲ್ಲದಿರುವುದು ಬೇರೆ.

ಇದು ನಮಗೇಕೆ ಮುಖ್ಯ? ಹಿಂದೆ ಯೂರೋಪಿನಲ್ಲಿ ಇಂಥ ಸಾವಾದಾಗ "ಕುಡುಕಿ, ಅದಕ್ಕೇ ಸುಟ್ಟುಹೋದಳು" ಎಂದು ಸತ್ತವಳನ್ನೇ ದೂರುತ್ತಿದ್ದರು. ನಮ್ಮ ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಮನೆಯಲ್ಲಿ ಬಟ್ಟೆ ಹೊತ್ತಿಕೊಂಡರೆ ಭಾನಾಮತಿ ಎಂದು ಯಾವಳೋ ಬಡವಿಯತ್ತ ಬೆರಳು ತೋರಿಸಿದ್ದುಂಟು. "ಸ್ಟವ್ ಸಿಡಿಯಿತು" ಎಂಬ ಎರಡೇ ಮಾತಿನಲ್ಲಿ ಎಷ್ಟೋ ಸೊಸೆಯಂದಿರ ಸಾವು ಮುಚ್ಚಿಹೋಗಿದೆ. ಅದಕ್ಕೆಂದೇ 1986ರಲ್ಲಿ ವರದಕ್ಷಿಣೆ ಸಾವಿನ ಕಲಂ ಬಂತು. ಮದುವೆಯಾಗಿ ಏಳು ವರ್ಷದೊಳಗೆ ಹೆಣ್ಣುಮಗಳು ಸುಟ್ಟು ಸತ್ತರೆ, ಸಾವಿಗೆ ಮುಂಚೆ ವರದಕ್ಷಿಣೆಗಾಗಿ ಕಿರುಕುಳ ಇತ್ತೇ ಎಂದು ಕಾನೂನು ಕೇಳುತ್ತದೆ. "ತಾನಾಗಿ ಹೊತ್ತಿಕೊಂಡಿತು" ಎಂದು ಒಪ್ಪಿಬಿಟ್ಟರೆ ಆ ಪ್ರಶ್ನೆಯೇ ಏಳುವುದಿಲ್ಲ.

ಕೊನೆಗೆ ಮನೆಗೆ ಒಯ್ಯಲು ಒಂದೆರಡು ಮಾತು. ನಿದ್ರೆ ಮಾತ್ರೆ ತೆಗೆದುಕೊಳ್ಳುವ ಹಿರಿಯರ ಹಾಸಿಗೆಯ ಬಳಿ ಸೊಳ್ಳೆ ಬತ್ತಿ, ದೀಪ ಇಡಬೇಡಿ. ಒಲೆಯ ಮುಂದೆ ಸೆರಗು ಸಿಕ್ಕಿಸಿಕೊಳ್ಳಿ, ಸಿಂಥೆಟಿಕ್ ನೈಟಿ ಬೇಡ. ಬಟ್ಟೆಗೆ ಬೆಂಕಿ ತಗುಲಿದರೆ ಓಡದೆ ನೆಲಕ್ಕೆ ಬಿದ್ದು ಉರುಳಿ. ಸುಟ್ಟ ಜಾಗವನ್ನು 20 ನಿಮಿಷ ನಲ್ಲಿಯ ತಣ್ಣೀರಿಗೆ ಹಿಡಿಯಿರಿ, ಟೂತ್‌ಪೇಸ್ಟ್ ಹಚ್ಚಬೇಡಿ.

ಎಲ್ಲಿಯೇ ಒಬ್ಬ ಹೆಣ್ಣುಮಗಳು ಸುಟ್ಟು ಸತ್ತಳೆಂದು ಕೇಳಿದರೂ, ಕಿಡಿ ಎಲ್ಲಿಂದ ಬಂತು ಎಂದು ಕೇಳೋಣ.