ಕೆಸರು ಕಾಣದ ಡಿಫೆಂಡರ್

ಕಿತ್ತೂರು ಚೆನ್ನಮ್ಮ ಹುಟ್ಟಿದ ಊರು ಕಾಕತಿ ಗೊತ್ತಲ್ಲ, ಬೆಳಗಾವಿಯ ಪಕ್ಕದಲ್ಲೇ, ಹೈವೇ ಮೇಲೆ. ಮೊನ್ನೆ ಅಲ್ಲಿ ಚಹಾ ಕುಡೀತಾ ನಿಂತಿದ್ದೆ. ಒಂದು ಡಿಫೆಂಡರ್ ಬಂದು ನಿಂತಿತು. ಕೋಟಿ ರೂಪಾಯಿ ದಾಟುವ ಗಾಡಿ. ಹುಡುಗರೆಲ್ಲ ಸೆಲ್ಫಿಗೆ ಮುಗಿಬಿದ್ದರು. ಸುಳ್ಳು ಯಾಕೆ ಹೇಳಲಿ, ನಾನೂ ಒಂದು ತೆಗೆಸಿಕೊಂಡೆ. ಎಂಜಿನಿಯರಿಂಗ್ ಓದಿದವನು ನೋಡಿ, ಇಂಥ ಗಾಡಿ ಕಂಡರೆ ಬಗ್ಗಿ ಅಡಿಭಾಗ ನೋಡದೆ ಇರೋಕಾಗಲ್ಲ.

'ಕಾಡಿನ ದಾರಿಗೆ ಇಳಿಸೀರೇನ್ರಿ?' ಅಂತ ಮಾಲೀಕರನ್ನ ಕೇಳಿದೆ. 'ಕೆಸರಿಗೆ ಯಾಕ್ ಇಳಿಸೂದ್ರಿ ಸರ, ಪಾಲಿಶ್ ಹೋಗತೈತಿ' ಅಂದರು.

ಆದರೆ ಈ ಗಾಡಿ ಹುಟ್ಟಿದ್ದೇ ಕೆಸರಿಗಾಗಿ. ಎರಡನೇ ಮಹಾಯುದ್ಧ ಮುಗಿದಿತ್ತು. ರೋವರ್ ಕಂಪನಿಯ ಮಾರಿಸ್ ವಿಲ್ಕ್ಸ್ ತಮ್ಮ ಜಮೀನಿನಲ್ಲಿ ಹಳೇ ಮಿಲಿಟರಿ ಜೀಪ್ ಓಡಿಸುತ್ತಿದ್ದರು. ಇಂಥದ್ದನ್ನು ನಾವೇ ಯಾಕೆ ಮಾಡಬಾರದು ಅನ್ನಿಸಿತು. 1947ರಲ್ಲಿ ಸಮುದ್ರದಂಡೆಯ ಮರಳಿನ ಮೇಲೆ ಚಿತ್ರ ಬರೆದರು. 1948ರ ಏಪ್ರಿಲ್‌ನಲ್ಲಿ ಆಮ್‌ಸ್ಟರ್‌ಡ್ಯಾಂ ಮೋಟಾರು ಪ್ರದರ್ಶನಕ್ಕೆ ಲ್ಯಾಂಡ್ ರೋವರ್ ಬಂತು. ಉಕ್ಕಿಗೆ ಬರ, ಅದಕ್ಕೇ ಅಲ್ಯೂಮಿನಿಯಂ ಬಾಡಿ. ರೈತನ ಗಾಡಿ ಸ್ವಾಮಿ! 1970ರ ಮೊದಲ ರೇಂಜ್ ರೋವರ್ ಒಳಗೆ ಪೈಪ್ ಹಿಡಿದು ನೀರು ಹೊಡೆದು ತೊಳೆಯಬಹುದಿತ್ತು. ಐಷಾರಾಮ ಬಂದದ್ದು ಆಮೇಲೆ. 2008ರಿಂದ ಇದರ ಒಡೆಯರು ನಮ್ಮ ಟಾಟಾ.

ಶಕ್ತಿ ನಾಲ್ಕೂ ಚಕ್ರಕ್ಕೆ ಹೋಗುತ್ತೆ. ಲೋ ರೇಂಜ್ ಹಾಕಿದರೆ ವೇಗ ಇಳಿದು ಎಳೆಯುವ ಬಲ ಏರುತ್ತೆ, ಟ್ರ್ಯಾಕ್ಟರಿನ ಸಣ್ಣ ಗೇರ್ ಇದ್ದ ಹಾಗೆ. ಈಗಿನ ಡಿಫೆಂಡರ್ 900 ಮಿಲಿಮೀಟರ್ ಆಳದ ನೀರಲ್ಲೂ ದಾಟುತ್ತೆ ಅಂತ ಕಂಪನಿಯೇ ಹೇಳುತ್ತೆ. ಬ್ರಿಟಿಷ್ ಸೇನೆ ಲ್ಯಾಂಡ್ ರೋವರನ್ನು ಆಂಬ್ಯುಲೆನ್ಸ್ ಮಾಡಿಕೊಂಡಿತ್ತು.

ಆಂಬ್ಯುಲೆನ್ಸ್! ನನ್ನ ತಲೆ ಅಲ್ಲಿಗೇ ಸಿಕ್ಕಿಕೊಂಡಿದೆ. ಬೆಳಗಾವಿ ದಾಟಿ ಖಾನಾಪುರಕ್ಕೆ ಬನ್ನಿ, ಅಲ್ಲಿಂದ ಭೀಮಗಡದ ಕಾಡಿಗೆ. ಆಮಗಾಂವ್ ಅಂತ ಊರು. ರಾಜ್ಯದಲ್ಲೇ ವಿಪರೀತ ಮಳೆ ಸುರಿಯುವ ಜಾಗಗಳಲ್ಲೊಂದು. 2024ರ ಜುಲೈನಲ್ಲಿ ಅಸ್ವಸ್ಥ ಮಹಿಳೆಯೊಬ್ಬರನ್ನು ಊರವರು ಕಟ್ಟಿಗೆ ಕಟ್ಟಿ, ಹೆಗಲ ಮೇಲೆ ಹೊತ್ತು, ಮಳೆಯಲ್ಲಿ ಕಾಡು ದಾಟಿಸಿದರು. ಆಂಬ್ಯುಲೆನ್ಸ್ ಕಾದಿದ್ದು ಕಾಡಿನಾಚೆ. ನೀವೂ ಟಿವಿಯಲ್ಲಿ ನೋಡಿದ್ದೀರಿ.

ರಸ್ತೆ ಮಾಡಿ ಅಂದರೆ ಅಭಯಾರಣ್ಯ, ಕಾನೂನು ಅಡ್ಡ. ಊರು ಬಿಡಿ ಅಂದರೆ ಪರಿಹಾರದ ಮಾತು ವರ್ಷಗಟ್ಟಲೆ. ಸರಿ, ಅದು ಮುಗಿಯುವ ತನಕ? ಡಿಫೆಂಡರ್ ಕೇಳ್ತಿಲ್ಲ ರೀ. ದೇಶದಲ್ಲೇ ತಯಾರಾಗುವ ಫೋರ್ ವ್ಹೀಲ್ ಡ್ರೈವ್ ಗಾಡಿಗಳಿವೆ, ಬೆಲೆ ಇದರ ಕಾಲು ಭಾಗವೂ ಇಲ್ಲ. ಅದರೊಳಗೆ ಒಂದು ಸ್ಟ್ರೆಚರ್, ಒಂದು ಆಕ್ಸಿಜನ್ ಸಿಲಿಂಡರ್, ಕಾಡಿನ ದಾರಿ ಗೊತ್ತಿರುವ ಚಾಲಕ. ಹಳ್ಳ ತುಂಬಿ ಹರಿದ ದಿನ ಅದೂ ದಾಟಲ್ಲ, ಒಪ್ಪಿದೆ. ಉಳಿದ ದಿನಗಳಿಗಾದರೂ ಬೇಕಲ್ಲ?

ಆರೋಗ್ಯ ಸಚಿವರೇ, ಬೆಳಗಾವಿ ಜಿಲ್ಲೆಯ ಉಸ್ತುವಾರಿ ಸಚಿವರೇ, ಖಾನಾಪುರ ತಾಲೂಕಿಗೆ ಅಂಥದ್ದೊಂದು ಗಾಡಿ ಕೊಡ್ತೀರಾ, ಇಲ್ವಾ? ಮಿರಗದ ಮಳೆ ಹಿಡಿಯೋದರೊಳಗೆ ಹೇಳಿ.