ಹಳೆಯ ಮನೆಗೆ ಹೊಸ ಒಕ್ಕಲು

ನಮ್ಮ ಮನೆಯ ಅಟ್ಟದ ಮೇಲೆ ತಂದೆಯವರ ಕಾಲದ ಒಂದು ವಾಲ್ವ್ ರೇಡಿಯೋ ಇದೆ. ಮರದ ಪೆಟ್ಟಿಗೆ ಇಂದಿಗೂ ಗಟ್ಟಿ. ತಿರುಗಣೆಗಳು ತಿರುಗುತ್ತವೆ. ಒಂದು ವಾಲ್ವ್ ಮಾತ್ರ ಹೋಗಿದೆ. ರಿಪೇರಿಯವರಲ್ಲಿ ಕೊಂಡೊಯ್ದರೆ, "ಸ್ವಾಮಿ, ಇದರ ಸಾಮಾನು ಬರುವುದು ನಿಂತು ಎಷ್ಟೋ ಕಾಲವಾಯಿತು" ಎನ್ನುತ್ತಾರೆ. ನಿಮ್ಮಲ್ಲಿಯೂ ಹಲವರ ಮನೆಯಲ್ಲಿ ಇಂಥದೊಂದು ವಸ್ತು ಇದ್ದೀತು. ಬಿಸಾಡಲು ಮನಸ್ಸಿಲ್ಲ, ನಡೆಸಲು ದಾರಿಯಿಲ್ಲ. ಇದೇ ಅವಸ್ಥೆಗೆ ಬಂದ ಒಂದು ಜಾತಿಯ ಗಣಕಯಂತ್ರವನ್ನೂ, ಅದರೊಳಗೆ ಹೊಸದಾಗಿ ಸಂಸಾರ ಹೂಡಿಸಲು ಹೊರಟವರನ್ನೂ ಕುರಿತು ಈ ಹೊತ್ತು ನಾಲ್ಕು ಮಾತು ಹೇಳಬೇಕೆಂದಿದ್ದೇನೆ.

ಗಣಕದ ಮಿದುಳು, ನೆನಪು, ಹೊರಗಿನೊಡನೆ ಮಾತಾಡುವ ದಾರಿಗಳು ಇವೆಲ್ಲವನ್ನೂ ಒಂದೇ ಬೋರ್ಡಿನ ಮೇಲೆ ಕೂಡಿಸುವುದುಂಟು. 2012ರಲ್ಲಿ ಬಂದ ರಾಸ್ಪ್‌ಬೆರಿ ಪೈ ಎಂಬುದನ್ನು ನಿಮ್ಮ ಮನೆಯ ಕಾಲೇಜು ಹುಡುಗರು ಬಲ್ಲರು. ಅದು ಇದೇ ವಂಶದ್ದು. ಈ ವಂಶ ಹಳೆಯದು. 1976ರಲ್ಲಿ ಅಮೆರಿಕದ ಮಾಸ್ ಟೆಕ್ನಾಲಜಿಯವರು 245 ಡಾಲರಿಗೆ ಮಾರಿದ ಕಿಮ್-1 ಎಂಬ ಬೋರ್ಡಿನಲ್ಲಿ ಇದ್ದ ನೆನಪು ಕೇವಲ 1,152 ಬೈಟು. ಈ ಭಾಷಣದ ಒಂದು ಪುಟವೂ ಅದರಲ್ಲಿ ಹಿಡಿಯಲಾರದು. ಅಷ್ಟು ಚಿಕ್ಕ ಗುಡಿಸಲಿನಲ್ಲಿ ಇಂದಿನ ದೊಡ್ಡ ಸಂಸಾರ ಹೂಡುವ ಮಾತು ಬೇಡ. ನಾನು ಹೇಳಹೊರಟಿರುವುದು ಅದಕ್ಕಿಂತ ಒಂದು ದಶಕ ಈಚಿನ, ಸಾಕಷ್ಟು ಅನುಕೂಲವಾದ ಒಂದು ಮನೆಯನ್ನು.

ಅದರ ಹೆಸರು ಎಂವಿಎಂಇ 147. ಮೊಟೊರೋಲಾ ಕಂಪನಿಯವರು 1980ರ ದಶಕದ ಕೊನೆಯಲ್ಲಿ ಮಾಡಿದ್ದು. ಅಂಗಡಿಯಲ್ಲಿ ಗೃಹಸ್ಥರು ಕೊಳ್ಳುವ ಪದಾರ್ಥವಲ್ಲ. ಕಾರ್ಖಾನೆಗಳಲ್ಲಿ, ಭೌತವಿಜ್ಞಾನದ ಪ್ರಯೋಗಶಾಲೆಗಳಲ್ಲಿ, ಕಬ್ಬಿಣದ ಚೌಕಟ್ಟಿನೊಳಗೆ ಇತರ ಬೋರ್ಡುಗಳ ಪಕ್ಕದಲ್ಲಿ ನಿಂತು ಹಗಲಿರುಳು ದುಡಿಯುವ ಆಳು. ಅದಕ್ಕೆ ಪರದೆಯಿಲ್ಲ, ಕೀಲಿಮಣೆಯಿಲ್ಲ. ಒಂದು ತಂತಿಯ ಮೂಲಕ ಬೇರೊಂದು ಯಂತ್ರದೊಡನೆ ಒಂದೊಂದೇ ಅಕ್ಷರವಾಗಿ ಮಾತಾಡುತ್ತದೆ. ಅದರ ಮಿದುಳು 68030 ಎಂಬ ಚಿಪ್ಪು. ನೆನಪು 4ರಿಂದ 32 ಮೆಗಾಬೈಟು. ಈಗ ನಿಮ್ಮ ಕೈಯಲ್ಲಿರುವ ಫೋನಿನ ಮುಂದೆ ಇದು ಏನೂ ಅಲ್ಲ. ಆದರೆ 68030ರಲ್ಲಿ ಒಂದು ವಿಶೇಷ ಅಡಗಿದೆ. ಒಂದು ಕಾರ್ಯಕ್ರಮ ಇನ್ನೊಂದರ ನೆನಪಿನ ಕೋಣೆಗೆ ನುಗ್ಗದಂತೆ ನಡುವೆ ಗೋಡೆ ಹಾಕುವ ಏರ್ಪಾಟು ಚಿಪ್ಪಿನೊಳಗೇ ಇದೆ. ಹಲವರು ಕೂಡಿ ಬಾಳುವ ಮನೆಗೆ ಗೋಡೆ ಬೇಕಷ್ಟೆ.

ಮೊಟೊರೋಲಾದ ಆ ವಿಭಾಗ 2007ರಲ್ಲಿ ಎಮರ್ಸನ್ ಕಂಪನಿಗೆ ಮಾರಾಟವಾಯಿತು. ಬೋರ್ಡುಗಳು ಮುದಿಯಾದವು. ಪ್ರಯೋಗಶಾಲೆಗಳು ಅವನ್ನು ಕಳಚಿ ಹೊರಗಿಟ್ಟವು. ಅಲ್ಲೊಂದು ಇಲ್ಲೊಂದು ಹಳೆಯ ಸಾಮಾನು ಕೂಡಿಹಾಕುವವರ ಕೈ ಸೇರಿದವು.

ಇನ್ನು ಒಕ್ಕಲಿನ ಮಾತು. ಗಣಕವನ್ನು ನಡೆಸುವ ಮೂಲ ತಂತ್ರಾಂಶಕ್ಕೆ ಆಪರೇಟಿಂಗ್ ಸಿಸ್ಟಂ ಎಂದು ಹೆಸರು. ಲಿನಕ್ಸ್ ಎಂಬುದು ಅಂಥದೊಂದು. ಫಿನ್ಲೆಂಡಿನ ವಿದ್ಯಾರ್ಥಿ ಲೈನಸ್ ಟೊರ್ವಾಲ್ಡ್ಸ್ 1991ರಲ್ಲಿ ತಮ್ಮ ಮೇಜಿನ ಮೇಲಿನ ಇಂಟೆಲ್ 386 ಯಂತ್ರಕ್ಕಾಗಿ ಬರೆಯತೊಡಗಿದ್ದು. ಅದರ ಬರಹವೆಲ್ಲ ಬಯಲಿನಲ್ಲಿದೆ. ಯಾರು ಬೇಕಾದರೂ ಓದಬಹುದು, ತಿದ್ದಬಹುದು, ತಿದ್ದಿದ್ದನ್ನು ಹಂಚಬಹುದು. ಆದ್ದರಿಂದ ಒಂದು ಯಂತ್ರಕ್ಕೆ ಹೊಲಿದ ಅಂಗಿಯನ್ನು ಇನ್ನೊಂದು ಯಂತ್ರದ ಮೈಗೆ ಹೊಂದಿಸಲು ಯಾರ ಅಪ್ಪಣೆಯೂ ಬೇಕಾಗಲಿಲ್ಲ. 1990ರ ದಶಕದ ಮೊದಲಲ್ಲೇ ಅಮಿಗಾ, ಅಟಾರಿ ಎಂಬ ಮನೆಬಳಕೆಯ ಗಣಕಗಳ ಅಭಿಮಾನಿಗಳು ಲಿನಕ್ಸನ್ನು 68000 ವಂಶದ ಚಿಪ್ಪುಗಳಿಗೆ ಒಗ್ಗಿಸಿದರು. ಅದೇ ದಾರಿಯಲ್ಲಿ ಮುಂದೆ ಎಂವಿಎಂಇ 147ಕ್ಕೂ ಅದು ಬಂತು.

ಒಗ್ಗಿಸುವುದೆಂದರೆ ಏನು? ಚಿಪ್ಪಿನ ಭಾಷೆ ಬೇರೆ ಎಂಬುದು ಮೊದಲ ತೊಡಕು, ಮತ್ತು ಇದೇ ಸುಲಭವಾದದ್ದು. ಕಂಪೈಲರ್ ಎಂಬ ದುಭಾಷಿ ಇಂದಿನ ವೇಗದ ಯಂತ್ರದಲ್ಲಿ ಕುಳಿತು ಹಳೆಯ ಚಿಪ್ಪಿನ ಭಾಷೆಗೆ ಎಲ್ಲವನ್ನೂ ತಿರುಗಿಸಿಕೊಡುತ್ತಾನೆ. ಸಂಖ್ಯೆಗಳನ್ನಿಡುವ ಕ್ರಮವೂ ಬೇರೆ. ಇಂಟೆಲ್ ಚಿಪ್ಪು ಒಂದು ದೊಡ್ಡ ಸಂಖ್ಯೆಯ ಕಿರಿಯ ಭಾಗವನ್ನು ಮೊದಲಿಡುತ್ತದೆ, 68030 ಹಿರಿಯ ಭಾಗವನ್ನು. ನಮ್ಮ ಶಾಸನಗಳಲ್ಲಿ ಶಕವರ್ಷವನ್ನು ಪದಗಳಲ್ಲಿ ಹೇಳುವಾಗ ಬಿಡಿಯಿಂದ ಹಿಂದುಮುಂದಾಗಿ ಓದಬೇಕಾದ ಪದ್ಧತಿ ನಿಮಗೆ ನೆನಪಾಗಬಹುದು. ಗೊತ್ತಿಲ್ಲದೆ ನೇರವಾಗಿ ಓದಿದವನಿಗೆ ರಾಜನ ಕಾಲವೇ ತಪ್ಪುತ್ತದೆ.

ಕಷ್ಟವಿರುವುದು ಮನೆಯೊಳಗೆ ಕಾಲಿಟ್ಟ ಮೇಲೆ. ದೀಪದ ಗುಂಡಿ ಎಲ್ಲಿ, ಬಾವಿ ಎಲ್ಲಿ, ಯಾವ ಬಾಗಿಲು ಎಲ್ಲಿಗೆ ತೆರೆಯುತ್ತದೆ? ವಿದ್ಯುತ್ತು ಕೊಟ್ಟೊಡನೆ ಬೋರ್ಡಿನಲ್ಲಿ ಖಾಯಮ್ಮಾಗಿ ಬರೆದಿಟ್ಟ ಒಂದು ಚಿಕ್ಕ ಕಾರ್ಯಕ್ರಮ ಎಚ್ಚರಗೊಂಡು, "147-ಬಗ್" ಎಂದು ಬರೆದು, ಅಪ್ಪಣೆಗಾಗಿ ಕಾಯುತ್ತದೆ. (ಬಗ್ ಎಂದರೆ ಇಂಗ್ಲಿಷಿನಲ್ಲಿ ಹುಳು, ಗಣಕದವರ ಬಾಯಲ್ಲಿ ತಪ್ಪು. ತಪ್ಪು ಹುಡುಕುವ ಉಪಕರಣಕ್ಕೇ ಆ ಹೆಸರಿಟ್ಟವರ ವಿನೋದವನ್ನು ಮೆಚ್ಚಬೇಕು.) ಅದರ ಕೈಯಿಂದ ಲಿನಕ್ಸ್ ಮನೆಯನ್ನು ವಹಿಸಿಕೊಂಡ ಮೊದಲ ಕ್ಷಣ ಪೂರಾ ಕತ್ತಲೆ. ಒಂದಕ್ಷರ ಹೊರಗೆ ಬರೆಯುವುದಕ್ಕೂ ತಂತಿಯನ್ನು ನೋಡಿಕೊಳ್ಳುವ ಚಿಪ್ಪು ಎಲ್ಲಿದೆಯೆಂದು ತಿಳಿದಿರಬೇಕು. ಅದಕ್ಕಾಗಿ ಒಂದು ಪುಟ್ಟ ಮುಂಗಡ ಏರ್ಪಾಟಿರುತ್ತದೆ. ಅದಿಲ್ಲದಿದ್ದರೆ ಯಂತ್ರ ಎಡವಿ ಬಿದ್ದರೂ ಎಲ್ಲಿ ಬಿದ್ದಿತೆಂದು ಹೊರಗಿನವರಿಗೆ ತಿಳಿಯದು.

ಎಂವಿಎಂಇ 147ರ ವಿಷಯದಲ್ಲಿ ಆದದ್ದನ್ನು ಕೇಳಿ. ಬರಹವನ್ನು ಶುದ್ಧ ಮಾಡುವವರೊಬ್ಬರು, ಯಾರೂ ಕರೆಯದ ಭಾಗಗಳೆಂದು ಎಣಿಸಿ, ಈ ಮುಂಗಡ ಏರ್ಪಾಟಿಗೆ ಬೇಕಾದುದನ್ನೇ ತೆಗೆದುಹಾಕಿದ್ದರು. ಹಬ್ಬಕ್ಕೆ ಮನೆ ಗುಡಿಸುವಾಗ ಯಾವ ಬೀಗಕ್ಕೂ ಹೊಂದದ ಕೀಲಿಯೆಂದು ಎಸೆದುಬಿಡುತ್ತೇವಲ್ಲ, ಹಾಗೆ. ಅವರನ್ನು ದೂರುವಂತಿಲ್ಲ; ಆ ಬೋರ್ಡು ಅವರ ಮುಂದಿರಲಿಲ್ಲ.

ಇದಕ್ಕಿಂತ ದೊಡ್ಡದು ಡಿಸ್ಕಿನ ಕಥೆ. ಗಣಕದ ಒಂದೊಂದು ಅಂಗಕ್ಕೂ ಒಂದೊಂದು ಗಂಟೆಯಿದೆಯೆನ್ನಿ. ಡಿಸ್ಕು ಕೇಳಿದ್ದನ್ನು ತಂದಿಟ್ಟು ತನ್ನ ಸಂಖ್ಯೆಯ ಗಂಟೆ ಬಾರಿಸುತ್ತದೆ. ಲಿನಕ್ಸ್ ಬಂದು ಎತ್ತಿಕೊಳ್ಳುತ್ತದೆ. 2006ರಲ್ಲಿ 68000 ವಂಶದ ಈ ಗಂಟೆಗಳ ವ್ಯವಸ್ಥೆಯನ್ನು ಹೊಸದಾಗಿ ಕಟ್ಟಿದರು. ಆಗ ಈ ಬೋರ್ಡಿನ ಡಿಸ್ಕಿನ ಗಂಟೆಯ ಸಂಖ್ಯೆ ತಪ್ಪಿತು. ಡಿಸ್ಕು ಒಂದು ಬಾಗಿಲಲ್ಲಿ ಬಾರಿಸುತ್ತದೆ, ಲಿನಕ್ಸ್ ಇನ್ನೊಂದು ಬಾಗಿಲಲ್ಲಿ ಕಿವಿಗೊಟ್ಟು ನಿಂತಿದೆ. ದುಭಾಷಿಗೆ ಇದರಲ್ಲಿ ವ್ಯಾಕರಣದ ದೋಷ ಕಾಣಲಿಲ್ಲ. ಬರಹ ತಕರಾರಿಲ್ಲದೆ ಯಂತ್ರಭಾಷೆಗೆ ತಿರುಗುತ್ತಲೇ ಬಂತು. ಪುಸ್ತಕದ ಮೇಲೆ ಎಂವಿಎಂಇ 147ಕ್ಕೆ ಲಿನಕ್ಸ್ ಉಂಟು ಎಂದೇ ಇತ್ತು. ಹದಿನೆಂಟು ವರ್ಷಗಳ ಮೇಲೆ, 2024ರಲ್ಲಿ, ಉತ್ಸಾಹಿಯೊಬ್ಬರು ನಿಜವಾದ ಬೋರ್ಡಿಗೆ ಇಂದಿನ ಲಿನಕ್ಸನ್ನು ಏರಿಸಲು ಕುಳಿತಾಗ ಈ ತಪ್ಪು ಹೊರಬಿತ್ತು. ಸಂಖ್ಯೆಯನ್ನು ತಿದ್ದಿದರು, ಎಸೆದ ಕೀಲಿಯನ್ನೂ ಹುಡುಕಿ ತಂದರು. ತಿದ್ದಿದ ಸಾಲುಗಳು ಕೆಲವೇ. ಹಿಡಿದ ಶ್ರಮವನ್ನು ಸಾಲುಗಳಿಂದ ಅಳೆಯಬೇಡಿ.

ಈ ಪ್ರಸಂಗ ನನ್ನನ್ನು ಹಿಡಿದು ನಿಲ್ಲಿಸಿದ್ದು ಆ ಹದಿನೆಂಟು ವರ್ಷಗಳಿಂದ. ಬರಹ ಎಲ್ಲರಿಗೂ ತೆರೆದಿತ್ತು, ಲೋಕದಲ್ಲಿ ಬುದ್ಧಿವಂತರಿಗೆ ಬರವಿರಲಿಲ್ಲ. ಬೋರ್ಡನ್ನು ಮುಂದಿಟ್ಟುಕೊಂಡು ನಡೆಯುತ್ತದೆಯೇ ಎಂದು ನೋಡುವ ಒಬ್ಬ ಮನುಷ್ಯ ಬೇಕಾಗಿತ್ತು. ಅಂಥವರಿಲ್ಲದಾಗ ಲಿನಕ್ಸಿನವರು ನಿರ್ದಾಕ್ಷಿಣ್ಯವಾಗಿ ಕೈಬಿಡುವುದೂ ಉಂಟು. ತಾನು ಹುಟ್ಟಿದ 386 ಚಿಪ್ಪಿನ ಮನೆಯನ್ನೇ ಲಿನಕ್ಸ್ 2013ರ ಫೆಬ್ರವರಿಯ 3.8ನೆಯ ಆವೃತ್ತಿಯಲ್ಲಿ ತೊರೆಯಿತು. 2018ರಲ್ಲಿ ಒಂದೇ ಸಲಕ್ಕೆ ಎಂಟು ವಂಶದ ಚಿಪ್ಪುಗಳನ್ನು ಬಿಟ್ಟರು. ಅವುಗಳಲ್ಲಿ 68000ಕ್ಕಿಂತ ಕಿರಿಯವೂ ಇದ್ದವು. ಮುದುಕ ಉಳಿದ, ಮೊಮ್ಮಕ್ಕಳು ಹೋದರು. ಡೆಬಿಯನ್ ಎಂಬ ಬಳಗದವರು 2007ರ ಬಿಡುಗಡೆಯಿಂದ 68000 ವಂಶವನ್ನು ಅಧಿಕೃತ ಪಟ್ಟಿಯಿಂದ ತೆಗೆದರೂ, ಅಭಿಮಾನಿಗಳು ಪಕ್ಕದಲ್ಲೇ ಬೇರೆ ಒಲೆ ಹೂಡಿ ನಡೆಸಿಕೊಂಡು ಬಂದರು.

ಇದರಿಂದ ಲಾಭವೇನು ಎಂದು ನೀವು ಕೇಳಬಹುದು. ಹಣದ ಲಾಭ ನನಗಂತೂ ಕಾಣದು. ಹಳೆಯ ಯಂತ್ರಕ್ಕಾಗಿ ಸಾವಿರಾರು ಸಾಲುಗಳನ್ನು ಹೊತ್ತು ತಿರುಗುವುದು ಹೊಸಬರಿಗೆ ಭಾರ ಎನ್ನುವವರ ಮಾತಿನಲ್ಲಿಯೂ ಹುರುಳಿದೆ. ಆದರೆ ಬೇರೆ ಬೇರೆ ಮನೆಗಳಲ್ಲಿ ಬಾಳಿ ನೋಡಿದ ಬರಹದಲ್ಲಿ ಅಡಗಿದ ಹುಳುಕು ಬೇಗ ಕಾಣುತ್ತದೆ. ಸಂಖ್ಯೆಯ ಕ್ರಮವನ್ನು ಮರೆತು ಬರೆದದ್ದು ಇಂಟೆಲ್ ಯಂತ್ರದಲ್ಲಿ ಮುಚ್ಚಿಹೋದೀತು, 68030ರ ಮುಂದೆ ಬಚ್ಚಿಟ್ಟುಕೊಳ್ಳಲಾರದು. ಅದೂ ಅಲ್ಲದೆ, ಮಾಡಿದ ಕಂಪನಿ ಮರೆತ ಯಂತ್ರವನ್ನು ಕೊಂಡವನು ತಾನೇ ನಡೆಸಿಕೊಳ್ಳಬಲ್ಲನೆಂಬುದು ಸಣ್ಣ ಮಾತೆಂದು ನನಗೆ ತೋರುವುದಿಲ್ಲ. ಅಟ್ಟದ ಮೇಲಿನ ರೇಡಿಯೋ ನೋಡಿದಾಗೆಲ್ಲ ಹೀಗೆನಿಸುತ್ತದೆ.

ತಂತ್ರಾಂಶ ಸರಿಹೋದರೂ ಕೆಲಸ ಮುಗಿಯಲಿಲ್ಲ. ಈ ಬೋರ್ಡಿನ ಗಡಿಯಾರದ ಚಿಪ್ಪಿನೊಳಗೆ ಒಂದು ಬ್ಯಾಟರಿಯನ್ನು ಮುಚ್ಚಿ ಅರಗು ಹಾಕಿದಂತೆ ಇಟ್ಟಿದ್ದಾರೆ. ಇಷ್ಟು ವರ್ಷಗಳಲ್ಲಿ ಅದು ಬತ್ತಿಹೋಗಿರುತ್ತದೆ. ಬೋರ್ಡಿಗೆ ಇಂದಿನ ತಾರೀಖು ಗೊತ್ತಿಲ್ಲ. ಜಾಲದಲ್ಲಿ ತನ್ನನ್ನು ಗುರುತಿಸುವ ವಿಳಾಸದ ಕೊನೆಯ ಅಂಕಿಗಳೂ ಅಲ್ಲೇ ಇದ್ದದ್ದರಿಂದ ಅವೂ ಮರೆತಿವೆ. ಇಂಥ ಬೋರ್ಡು ಸಾಕುವವರು ಆ ಚಿಪ್ಪಿನ ನೆತ್ತಿಯನ್ನು ಅರದಿಂದ ಮೆಲ್ಲನೆ ಕೊರೆದು, ಒಳಗಿನ ಎರಡು ತಂತಿ ಕಾಣುವವರೆಗೂ ಉಸಿರು ಬಿಗಿಹಿಡಿದು ಕೆತ್ತಿ, ಕೈಗಡಿಯಾರಕ್ಕೆ ಹಾಕುವಂಥ ಒಂದು ಬಿಲ್ಲೆ ಬ್ಯಾಟರಿಯನ್ನು ಹೊರಗಿನಿಂದ ಬೆಸುಗೆ ಹಾಕುತ್ತಾರೆ. ಆಮೇಲೆ ತಾರೀಖನ್ನೂ ವಿಳಾಸವನ್ನೂ ಕೈಯಿಂದ ಒತ್ತಿ ತುಂಬಿ, ಡಿಸ್ಕಿನ ಗಂಟೆಗಾಗಿ ಕಾಯುತ್ತಾ ಕೂಡುತ್ತಾರೆ.