ಬೆಳಿಗ್ಗೆ ಮಾತ್ರ ನಡುಗುವ ಇಂಜಿನ್

ಈ ಸದ್ದು ಕೇಳಿ. ಡಿಸೆಂಬರ್ ತಿಂಗಳು, ಬೆಳಿಗ್ಗೆ ಆರೂಕಾಲು, ಗೋಣಿಬೀಡಿನ ನಮ್ಮ ಮನೆ ಎದುರು ಫೋನಿನಲ್ಲಿ ಹಿಡಿದಿದ್ದು. ಸೆಲ್ಫ್ ಹೊಡೆದ ಕೂಡಲೇ ಗಾಡಿ ಸ್ಟಾರ್ಟ್ ಆಯ್ತು. ಐದಾರು ಸೆಕೆಂಡ್ ಚೆನ್ನಾಗಿಯೇ ಓಡ್ತು. ಈಗ ಕೇಳಿ, ಮಿಸ್ಸಿಂಗ್ ಶುರು. ಸ್ಟೇರಿಂಗ್ ನಡುಗ್ತಿದೆ, ಬಾಗಿಲಿನ ಗಾಜು ಗಡಗಡ ಅಂತಿದೆ. ಒಂದೂವರೆ ನಿಮಿಷ ಇದೇ ಪಾಡು. ಆಮೇಲೆ ಯಾರೂ ಏನೂ ಮಾಡದೆ ಇಂಜಿನ್ ತಾನಾಗಿ ಸರಿಹೋಯ್ತು, ಸಂಜೆವರೆಗೆ ಒಂದು ಸಲವೂ ತಪ್ಪಲಿಲ್ಲ.

ಇಂಥ ತೊಂದರೆಯಲ್ಲಿ ದೊಡ್ಡ ಕಷ್ಟ ಏನು ಗೊತ್ತಾ? ಮೂಡಿಗೆರೆಯ ಗ್ಯಾರೇಜು ಮುಟ್ಟೋ ಹೊತ್ತಿಗೆ ಇಂಜಿನ್ ಬಿಸಿಯಾಗಿರುತ್ತೆ, ಸದ್ದು ಮಾಯ. ಮೆಕ್ಯಾನಿಕ್ ಕಿವಿ ಕೊಟ್ಟು ಕೇಳ್ತಾರೆ, ಏನೂ ಇಲ್ಲವಲ್ಲ ಅಂತಾರೆ. ಮೂರನೇ ಸಲ ಹೋದಾಗ, ಡೀಸೆಲ್ ಪಂಪ್ ಇಳಿಸಿ ನೋಡೋಣ ಅಂದ್ರು. ನಾನು ಬೇಡ ಅಂದೆ. ಯಾಕೆ ಅಂತ ಮುಂದೆ ಹೇಳ್ತೀನಿ.

ಡೀಸೆಲ್ ಗಾಡಿ, ಇಪ್ಪತ್ತು ವರ್ಷ ದಾಟಿದ್ದು, ನಾಲ್ಕು ಸಿಲಿಂಡರ್, ಕಂಪ್ಯೂಟರ್ ಇಲ್ಲದ ಹಳೇ ಪಂಪು, ಹೀಟರ್ ಪ್ಲಗ್ ಇದೆ. ನಮ್ಮ ಕಡೆ ಇನ್ನೂ ಓಡ್ತಿರೋ ಕ್ವಾಲಿಸ್, ಹಳೇ ಇಂಡಿಕಾ, ಪ್ಯೂಜೋ ಇಂಜಿನ್ನಿನ ಮಹೀಂದ್ರ ಜೀಪು, ಎಲ್ಲಕ್ಕೂ ನಾನು ಹೇಳೋ ಲೆಕ್ಕ ಒಂದೇ.

ಮೊದಲು ನಡುಕ ಎಲ್ಲಿಂದ ಬರುತ್ತೆ ನೋಡಿ. ಸ್ಲೋ ಸ್ಪೀಡಿನಲ್ಲಿ ಇಂಜಿನ್ ನಿಮಿಷಕ್ಕೆ ಸುಮಾರು 750 ಸುತ್ತು ತಿರುಗುತ್ತೆ ಅಂತಿಟ್ಕೊಳ್ಳಿ, ಅಂದರೆ ಸೆಕೆಂಡಿಗೆ ಹನ್ನೆರಡೂವರೆ. ಎರಡು ಸುತ್ತಿಗೊಮ್ಮೆ ಒಂದೊಂದು ಸಿಲಿಂಡರ್ ಉರಿಯುತ್ತೆ. ನಾಲ್ಕೂ ಸೇರಿ ಸೆಕೆಂಡಿಗೆ 25 ಪೆಟ್ಟು. ಅದು ನಮಗೆ ಒಂದೇ ಹದದ ಗುಡುಗುಡು ಆಗಿ ಕೇಳಿಸುತ್ತೆ. ನಾಲ್ಕರಲ್ಲಿ ಒಂದು ಉರಿಯದೆ ಹೋದರೆ ಸೆಕೆಂಡಿಗೆ ಆರು ಸಲ ಒಂದು ಪೆಟ್ಟು ತಪ್ಪುತ್ತೆ. ಆ ಆರು ಗುಂಡಿಗಳೇ ಸೀಟಿನಲ್ಲಿ ಕೂತವರ ಮೈಗೆ ತಾಗೋದು. ರಸ್ತೆಯಲ್ಲಿ ವೇಗ ಹೆಚ್ಚಾದಾಗ ಅದು ಗೊತ್ತೇ ಆಗಲ್ಲ.

ಚಳಿಗೂ ಇದಕ್ಕೂ ಏನು ಸಂಬಂಧ? ಡೀಸೆಲ್ ಇಂಜಿನ್ನಿಗೆ ಸ್ಪಾರ್ಕ್ ಪ್ಲಗ್ ಇಲ್ಲ. ಸೈಕಲ್ ಪಂಪು ಜೋರಾಗಿ ಹೊಡೆದಾಗ ಅದರ ತುದಿ ಬಿಸಿಯಾಗೋದು ಮುಟ್ಟಿ ನೋಡಿದ್ದೀರಲ್ಲ, ಅದೇ ಕೆಲಸ ಇಲ್ಲೂ. ಗಾಳಿಯನ್ನ ಇಪ್ಪತ್ತು ಪಟ್ಟಿಗಿಂತ ಹೆಚ್ಚು ಹಿಂಡಿದಾಗ ಹುಟ್ಟೋ ಕಾವಿಗೆ ಡೀಸೆಲ್ ಹತ್ತಿಕೊಳ್ಳುತ್ತೆ. ಹೇಮಾವತಿ ಕಡೆಯಿಂದ ಮಂಜು ಎದ್ದ ಬೆಳಿಗ್ಗೆ ಇಂಜಿನ್ನಿನ ಕಬ್ಬಿಣವೆಲ್ಲ ತಣ್ಣಗಿರುತ್ತೆ, ಆ ಕಾವನ್ನ ಅದೇ ಹೀರಿಕೊಂಡುಬಿಡುತ್ತೆ. ಅದಕ್ಕೇ ಹೀಟರ್ ಪ್ಲಗ್ ಇರೋದು. ನಾಲ್ಕರಲ್ಲಿ ಒಂದು ಸುಟ್ಟಿದ್ದರೆ ಆ ಸಿಲಿಂಡರ್ ಬಿಸಿಯಾಗೋವರೆಗೆ ಸರಿಯಾಗಿ ಉರಿಯಲ್ಲ. ಉರಿಯದ ಡೀಸೆಲ್ ಬಿಳಿ ಹೊಗೆಯಾಗಿ, ಕಣ್ಣು ಉರಿಸೋ ವಾಸನೆಯಾಗಿ ಸೈಲೆನ್ಸರ್‌ನಿಂದ ಬರುತ್ತೆ.

ನಾನೂ ಹಾಗೇ ಅಂದುಕೊಂಡೆ. ಚಳಿಗಾಲ, ಬೆಳಿಗ್ಗೆ ಮಾತ್ರ ಮಿಸ್ಸಿಂಗ್, ಇನ್ನೇನು ಹೀಟರ್ ಪ್ಲಗ್ಗೇ. ನಾಲ್ಕೂ ಬದಲಾಯಿಸಿದೆ. ಎರಡು ದಿನ ಗಾಡಿ ಚಿನ್ನದಂತೆ ನಡೀತು. ಮೂರನೇ ದಿನ ಮತ್ತೆ ಅದೇ ಸದ್ದು.

ಹಳೇ ಪ್ಲಗ್ಗುಗಳನ್ನ ಆಮೇಲೆ ಪರೀಕ್ಷೆ ಮಾಡಿದೆ. ಮೊದಲೇ ಮಾಡಬೇಕಿತ್ತು. ಬಹಳ ಸುಲಭ: ನಾಲ್ಕನ್ನೂ ಜೋಡಿಸಿರೋ ಲೋಹದ ಪಟ್ಟಿ ತೆಗೀರಿ. ಟೆಸ್ಟ್ ಬಲ್ಬಿನ ಒಂದು ವೈರ್ ಬ್ಯಾಟರಿಯ ಪ್ಲಸ್‌ಗೆ, ಇನ್ನೊಂದು ಪ್ಲಗ್ಗಿನ ತಲೆಗೆ. ಬಲ್ಬು ಹತ್ತಿದರೆ ಪ್ಲಗ್ಗಿನ ತಂತಿ ಕಡಿದಿಲ್ಲ, ಹತ್ತದಿದ್ದರೆ ಸುಟ್ಟಿದೆ. ಬಿಚ್ಚಿಟ್ಟಿದ್ದ ಪ್ಲಗ್ಗಿನ ಮೈಯನ್ನ ಮೈನಸ್‌ಗೆ ತಾಗಿಸಿ ಒಂದೊಂದಾಗಿ ನೋಡಿದೆ. ನಾಲ್ಕೂ ಹತ್ತಿದವು.

ಹಾಗಾದರೆ ಆ ಎರಡು ದಿನ ಯಾಕೆ ಸರಿಯಿತ್ತು? ಉತ್ತರ ಅಮ್ಮ ಕೊಟ್ಟರು. ಅಡುಗೆಮನೆಯಲ್ಲಿ ಕಾಫಿ ಸೋಸ್ತಾ, "ಕಣದಲ್ಲಿ ನಿಲ್ಲಿಸಿದ ದಿನ ಈ ಸದ್ದು ಬರಲ್ಲ ಕಣೋ" ಅಂದರು. ಹೌದು, ಕೊಯ್ಲಿನ ಗಡಿಬಿಡಿಯಲ್ಲಿ ಆ ಎರಡು ರಾತ್ರಿ ಗಾಡಿ ಕಾಫಿ ಕಣದ ಸಮತಟ್ಟಿನಲ್ಲಿತ್ತು. ಉಳಿದ ದಿನ ಮನೆ ಎದುರಿನ ಏರಿನಲ್ಲಿ, ಮೂತಿ ಮೇಲೆ ಮಾಡಿ ನಿಲ್ಲಿಸೋದು ರೂಢಿ.

ಈ ಮಾತು ನನ್ನ ಲೆಕ್ಕವನ್ನೆಲ್ಲ ತಿರುಗಿಸಿತು. ಹೀಟರ್ ಪ್ಲಗ್ಗಿಗೆ ಏರೂ ಇಳಿಜಾರೂ ಗೊತ್ತಾಗಲ್ಲ, ಚಳಿ ಮಾತ್ರ ಗೊತ್ತು. ಏರು ಇಳಿಜಾರು ಗೊತ್ತಾಗೋದು ಡೀಸೆಲ್‌ಗೆ. ಮೂತಿ ಮೇಲಿದ್ದರೆ ಇಂಜಿನ್ ಎತ್ತರದಲ್ಲಿ, ಟ್ಯಾಂಕ್ ತಗ್ಗಿನಲ್ಲಿ. ಪೈಪಿನಲ್ಲಿ ಎಲ್ಲಾದರೂ ಕೂದಲೆಳೆಯಷ್ಟು ಬಿರುಕಿದ್ದರೂ ರಾತ್ರಿಯಿಡೀ ಅಲ್ಲಿಂದ ಗಾಳಿ ಒಳಗೆ ಬಂದು, ಡೀಸೆಲ್ ನಿಧಾನಕ್ಕೆ ಟ್ಯಾಂಕಿಗೆ ಇಳಿದುಬಿಡುತ್ತೆ. ಬೆಳಿಗ್ಗೆ ಪಂಪಿನ ಹೊಟ್ಟೆಯಲ್ಲಿ ಉಳಿದಿದ್ದ ಡೀಸೆಲ್ಲಿಗೆ ಗಾಡಿ ಸ್ಟಾರ್ಟ್ ಆಗುತ್ತೆ, ಐದಾರು ಸೆಕೆಂಡಿಗೆ ಹಿಂದಿನಿಂದ ಗಾಳಿ ಗುಳ್ಳೆ ಬಂದು ಮುಟ್ಟುತ್ತೆ. ಆಗ ನಡುಕ.

ಮೊದಲ ಹತ್ತು ಸೆಕೆಂಡನ್ನ ಗಮನಿಸಿ ಅಂತ ನಾನು ಎಲ್ಲರಿಗೂ ಹೇಳೋದು ಇದಕ್ಕೇ. ಹೀಟರ್ ಪ್ಲಗ್ ಹೋಗಿದ್ದರೆ ಸಾಮಾನ್ಯವಾಗಿ ಇಂಜಿನ್ ಮೊದಲ ಕ್ಷಣದಿಂದಲೇ ನಡುಗುತ್ತೆ, ಕಾವು ಏರಿದಂತೆ ಮೆಲ್ಲಗೆ ಸರಿಹೋಗುತ್ತೆ. ಗಾಳಿ ಹಿಡಿದಿದ್ದರೆ ಮೊದಲು ಚೆನ್ನಾಗಿದ್ದು ಆಮೇಲೆ ಕೆಡುತ್ತೆ. ನನ್ನ ರೆಕಾರ್ಡಿಂಗಿನಲ್ಲೇ ಅದು ಇತ್ತು, ನಾನು ಕೇಳಿಸಿಕೊಂಡಿರಲಿಲ್ಲ.

ಖಾತ್ರಿ ಮಾಡಿಕೊಳ್ಳೋಕೆ ಮೂರು ರಾತ್ರಿ ಮೂತಿ ಮೇಲೆ, ಮೂರು ರಾತ್ರಿ ಮೂತಿ ಕೆಳಗೆ ನಿಲ್ಲಿಸಿ ಕ್ಯಾಲೆಂಡರ್ ಮೇಲೆ ಗುರುತು ಹಾಕಿದೆ. ಏರಿನಲ್ಲಿ ಮೂರೂ ದಿನ ಮಿಸ್ಸಿಂಗ್, ಇಳಿಜಾರಿನಲ್ಲಿ ಒಂದು ದಿನವೂ ಇಲ್ಲ. ಮಲೆನಾಡಿನಲ್ಲಿ ಪ್ರತಿ ಮನೆ ಎದುರೂ ಇಂಥದ್ದೊಂದು ಇಳಿಜಾರು ಇದೆ. ದುಡ್ಡು ಕೊಟ್ಟರೂ ಇದಕ್ಕಿಂತ ಒಳ್ಳೆ ಉಪಕರಣ ಸಿಗಲ್ಲ.

ಬಾನೆಟ್ ಎತ್ತಿದರೆ ಎಲ್ಲೂ ಒದ್ದೆ ಇಲ್ಲ. ಇದು ಬಹಳ ಜನರನ್ನ ದಾರಿ ತಪ್ಪಿಸುತ್ತೆ. ಟ್ಯಾಂಕಿನಿಂದ ಪಂಪಿನವರೆಗೆ ಡೀಸೆಲ್ ಎಳೆದು ಬರೋದು, ತಳ್ಳಿ ಅಲ್ಲ. ಹಾಗಾಗಿ ಇಲ್ಲಿ ತೂತಿದ್ದರೆ ಡೀಸೆಲ್ ಹೊರಗೆ ಸೋರಲ್ಲ, ಗಾಳಿ ಒಳಗೆ ಸೋರುತ್ತೆ. ಫಿಲ್ಟರಿಗೂ ಪಂಪಿಗೂ ನಡುವೆ ಗೇಣುದ್ದ ಪಾರದರ್ಶಕ ಪೈಪು ಹಾಕಿ ಸ್ಟಾರ್ಟ್ ಮಾಡಿದೆ. ಗುಳ್ಳೆಗಳ ಸಾಲು ಕಣ್ಣಿಗೇ ಕಾಣಿಸ್ತು. ಆಮೇಲೆ ಶುದ್ಧ ಡೀಸೆಲ್ ತುಂಬಿದ ಕ್ಯಾನನ್ನ ಪಂಪಿಗಿಂತ ಎತ್ತರದಲ್ಲಿಟ್ಟು, ಅದರಿಂದಲೇ ನೇರ ಪಂಪಿಗೆ ಕೊಟ್ಟೆ. ನಡುಕ ಇಲ್ಲ. ಅಂದರೆ ಪಂಪು ನಿರಪರಾಧಿ. ಕೊನೆಗೆ ಸಿಕ್ಕಿದ್ದು ಫಿಲ್ಟರಿಗೆ ಬರೋ ರಬ್ಬರ್ ಪೈಪು, ಕ್ಲಿಪ್ಪಿನ ಅಡಿಯಲ್ಲಿ ಸೀಳಿತ್ತು. ಒಂದಡಿ ಡೀಸೆಲ್ ಪೈಪು, ಎರಡು ಕ್ಲಿಪ್ಪು, ಆಮೇಲೆ ಫಿಲ್ಟರ್ ಮೇಲಿನ ಹ್ಯಾಂಡ್ ಪಂಪು ಗಟ್ಟಿಯಾಗೋವರೆಗೆ ಒತ್ತಿದ್ದು. ಅಷ್ಟೇ ಕೆಲಸ.

ಪಂಪು ಇಳಿಸೋದು ಬೇಡ ಅಂದಿದ್ದಕ್ಕೆ ಕಾರಣ ಇದೆ. ಹಳಬರು ಇವತ್ತಿಗೂ ಡೀಸೆಲ್ ಪಂಪ್ ಅಂದರೆ ಮೈಕೋ ಅಂತಾರೆ. 1951ರಲ್ಲಿ ಶುರುವಾದ ಬೆಂಗಳೂರಿನ ಮೋಟಾರ್ ಇಂಡಸ್ಟ್ರೀಸ್ ಕಂಪನಿ ಅದು, 2008ರಿಂದ ಬಾಷ್ ಅನ್ನೋ ಹೆಸರು. ಇಂಥ ಪಂಪಿನ ಒಳಗಿನ ಪ್ಲಂಜರ್ ಸುತ್ತಲಿನ ಸಂದು ಕೆಲವೇ ಮೈಕ್ರಾನ್, ನಮ್ಮ ತಲೆಗೂದಲ ದಪ್ಪದ ಸಣ್ಣದೊಂದು ಪಾಲು. ಬಿಚ್ಚಿದ ಮೇಲೆ ಟೆಸ್ಟ್ ಬೆಂಚಿನಲ್ಲಿಟ್ಟು ಅಳತೆ ಹೊಂದಿಸಲೇಬೇಕು. ಅನುಮಾನದ ಮೇಲೆ ಬಿಚ್ಚೋ ವಸ್ತು ಅಲ್ಲ.

ಮಳೆಗಾಲದಲ್ಲಿ ನಡುಕ ಶುರುವಾದರೆ ಮೊದಲು ನೀರನ್ನ ಅನುಮಾನಿಸಿ. ಎಸ್ಟೇಟುಗಳಲ್ಲಿ ಡೀಸೆಲ್ ಬ್ಯಾರಲ್ ನೆಟ್ಟಗೆ ನಿಲ್ಲಿಸಿಟ್ಟಿರ್ತೀವಿ. ಅದರ ಮೇಲ್ಭಾಗದ ಅಂಚಿನೊಳಗೆ ಮಳೆ ನೀರು ನಿಲ್ಲುತ್ತೆ. ಹಗಲು ಕಾದ ಬ್ಯಾರಲ್ ರಾತ್ರಿ ತಣ್ಣಗಾದಾಗ ಒಳಗೆ ಎಳೆತ ಹುಟ್ಟಿ, ಮುಚ್ಚಳದ ಸಂದಿಯಿಂದ ಆ ನೀರನ್ನ ಕುಡಿದುಬಿಡುತ್ತೆ. ಬ್ಯಾರಲ್ಲನ್ನ ಮಾಡಿನ ಕೆಳಗಿಡಿ, ಆಗದಿದ್ದರೆ ನೀರು ಮುಚ್ಚಳದಿಂದ ದೂರ ಹರಿಯೋ ಹಾಗೆ ಸ್ವಲ್ಪ ವಾಲಿಸಿಡಿ. ಫಿಲ್ಟರಿನ ಕೆಳಗಿನ ತಿರುಪು ಸಡಿಲಿಸಿ ಒಂದಿಷ್ಟನ್ನ ಗಾಜಿನ ಬಾಟಲಿಗೆ ಹಿಡಿದು ಇಡಿ, ನೀರಿದ್ದರೆ ತಳಕ್ಕೆ ಇಳಿದು ಗೆರೆ ಕಾಣಿಸುತ್ತೆ.

ಬಿಳಿ ಹೊಗೆ ಸಿಹಿ ವಾಸನೆ ಬರ್ತಿದ್ದು, ರೇಡಿಯೇಟರ್ ನೀರೂ ಕಮ್ಮಿಯಾಗ್ತಿದ್ದರೆ ಮಾತ್ರ ಗಾಡಿ ಓಡಿಸಬೇಡಿ, ಅದು ಹೆಡ್ ಗ್ಯಾಸ್ಕೆಟ್ ಇರಬಹುದು.

ಇನ್ನೊಂದನ್ನ ಕೈ ಮುಗಿದು ಹೇಳ್ತೀನಿ. ಹಳೇ ಇಂಜಿನ್ನಿನಲ್ಲಿ ಇಂಜೆಕ್ಟರ್ ಪೈಪಿನ ನಟ್ಟು ಒಂದೊಂದಾಗಿ ಸಡಿಲಿಸಿ ಯಾವ ಸಿಲಿಂಡರ್ ಸತ್ತಿದೆ ಅಂತ ಮೆಕ್ಯಾನಿಕ್ಕುಗಳು ಹುಡುಕ್ತಾರೆ. ಅದನ್ನ ನೋಡಿ ಕಂಪ್ಯೂಟರ್ ಇರೋ ಹೊಸ ಕಾಮನ್ ರೈಲ್ ಗಾಡಿಯಲ್ಲಿ ಮಾಡೋಕೆ ಹೋಗಬೇಡಿ. ಅಲ್ಲಿನ ಒತ್ತಡ 1,000 ಬಾರ್ ದಾಟುತ್ತೆ, ಚಿಮ್ಮೋ ಡೀಸೆಲ್ ಚರ್ಮ ಸೀಳಿ ಒಳಗೆ ಹೋಗುತ್ತೆ. ಹಾಗೇನಾದರೂ ಆದರೆ ಗಾಯ ಸಣ್ಣದು ಅಂತ ಕೂರದೆ ತಕ್ಷಣ ಆಸ್ಪತ್ರೆಗೆ ಹೋಗಿ.

ಇಷ್ಟೆಲ್ಲ ನೀವೇ ಮಾಡಬೇಕಾಗಿಲ್ಲ. ಗಾಡಿಯನ್ನ ಸಂಜೆಯೇ ಗ್ಯಾರೇಜಿಗೆ ಬಿಟ್ಟು ಬನ್ನಿ, ಮೂತಿ ಏರಿನ ಕಡೆ ಮಾಡಿ ನಿಲ್ಲಿಸಿ ಅಂತ ಹೇಳಿ. ಬೆಳಿಗ್ಗೆ ಮೊದಲ ಸೆಲ್ಫ್ ಮೆಕ್ಯಾನಿಕ್ಕೇ ಹೊಡೀಲಿ.